ಬಿಡಿಸಬೇಕಾದ ಮನೆ

ದೊಡ್ಡಮ್ಮ "ಬಿಡಿಸು" ಎಂದರು. ಟೀಚರ್ ಕಿತ್ತಳೆ ಹಣ್ಣು ಬಿಡಿಸಿ ಕೊಟ್ಟಳು.

ತೊಳೆ ಬಾಯಿಗೆ ಹಾಕಿಕೊಂಡ ದೊಡ್ಡಮ್ಮ ತಲೆ ಅಡ್ಡಡ್ಡ ಆಡಿಸಿದರು. "ಬಿಡಿಸು!" ಹಾಗಾದರೆ ಚಿತ್ರ ಬಿಡಿಸುವುದಿರಬೇಕೆಂದು ಟೀಚರ್ ಹಾಳೆ, ಬಣ್ಣದ ಪೆನ್ಸಿಲ್ ತಂದಿಟ್ಟಳು. ದೊಡ್ಡಮ್ಮ ಪೆನ್ಸಿಲನ್ನು ಆಚೆ ದಬ್ಬಿದರು. ಶಾಲಿನ ಗಂಟು ಬಿಡಿಸಿದ್ದಾಯಿತು, ಕೂದಲ ಸಿಕ್ಕು ಬಿಡಿಸಿದ್ದಾಯಿತು. ಕೊನೆಗೆ ದೊಡ್ಡಮ್ಮ ಸ್ವಾಧೀನವಿದ್ದ ಎಡಗೈಯಿಂದ ಹಣೆ ಚಚ್ಚಿಕೊಂಡರು.

"ಹೋಲ್ಡಾನ್!" ಎಂದು ಮೂಲೆಯಿಂದ ಕಂಡಕ್ಟರು ಕೂಗಿದರು.

ಕಂಡಕ್ಟರ ಬಾಯಲ್ಲಿ ಉಳಿದಿದ್ದದ್ದೇ ಎರಡು ಮಾತು. ಬೇಡದ್ದಕ್ಕೆಲ್ಲ 'ಹೋಲ್ಡಾನ್', ಬೇಕಾದ್ದಕ್ಕೆಲ್ಲ 'ರೈಟ್'. ಸ್ಟ್ರೋಕ್ ಹೊಡೆದಾಗ ಮಿಕ್ಕ ಮಾತುಗಳೆಲ್ಲ ಇಳಿದುಹೋಗಿ, ಜೀವಮಾನವಿಡೀ ಬಸ್ಸಿನಲ್ಲಿ ಕೂಗಿದ ಇವೆರಡು ಮಾತ್ರ ಸೀಟು ಬಿಡದೆ ಕೂತಿದ್ದವು. ಸಂಸಾರ ಮಾಡೋದಕ್ಕೆ ಅಷ್ಟಿದ್ದರೆ ಸಾಕು ಎಂದು ಅವರ ಹೆಂಡತಿ ನಗುತ್ತಿದ್ದರು.

ಆ ಜಾಗದ ಹೆಸರು 'ಮಾತಿನ ಮನೆ'. ಸ್ಟ್ರೋಕ್ ಆಗಿ ಮಾತು ಕಳೆದುಕೊಂಡವರಿಗೆ ಟೀಚರ್ ಅಲ್ಲಿ ಮತ್ತೆ ಮಾತು ಕಲಿಸುತ್ತಿದ್ದಳು, ಬಿಡಿಗಾಸು ತೆಗೆದುಕೊಳ್ಳದೆ. ವಯಸ್ಸಾದ ಡಾಕ್ಟರೊಬ್ಬರು ಅದರ ಟ್ರಸ್ಟಿ. ಮೂರಂತಸ್ತಿನ ಹಳೆಯ ಕಟ್ಟಡದ ನೆಲ ಅಂತಸ್ತು. ಒಂದೂ ಮೆಟ್ಟಿಲಿಲ್ಲ, ಬಾಗಿಲು ಗಾಲಿಕುರ್ಚಿ ಸಲೀಸಾಗಿ ನುಗ್ಗುವಷ್ಟು ಅಗಲ. ಹತ್ತಿರದಲ್ಲಿ ಹೊಸ ರೈಲು ನಿಲ್ದಾಣ ಬಂದ ಮೇಲೆ ಆ ಬೀದಿಯ ಬಾಡಿಗೆಗಳು ಗಗನಕ್ಕೇರಿದ್ದವು. ಈ ಜಾಗ ಹೋದರೆ ಇನ್ನೊಂದು ಸಿಗುವುದಿಲ್ಲವೆಂದು ಟೀಚರಿಗೆ ಗೊತ್ತಿತ್ತು. ಅವಳ ಎದೆಯಲ್ಲಿ ಯಾವಾಗಲೂ ಸಣ್ಣಗೆ ಕುಟುಕುತ್ತಿದ್ದ ಭಯ ಅದೊಂದೇ.

ಕಟ್ಟಡ ದೊಡ್ಡಮ್ಮನದು. ಸಣ್ಣ ವಯಸ್ಸಿನಿಂದಲೇ ಹಳೆಯ ಮನೆಗಳನ್ನು ಕೊಂಡು, ರಿಪೇರಿ ಮಾಡಿಸಿ, ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಿಂದ ಇನ್ನೊಂದು ಮನೆ ಕೊಂಡ ಹೆಂಗಸು. ಎಂಜಲು ಕೈಯಲ್ಲಿ ಕಾಗೆ ಓಡಿಸಿದವರಲ್ಲ. ಒಂದನೇ ತಾರೀಕು ಬಂತೆಂದರೆ ಬಾಗಿಲಲ್ಲಿ ನಿಂತು "ಬಾಡಿಗೆ" ಎನ್ನುವುದು ಬಿಟ್ಟರೆ ಟೀಚರ ಜೊತೆ ಇನ್ನೊಂದು ಮಾತು ಆಡಿದ್ದಿಲ್ಲ. ಈಗ ಅದೇ ಬಾಗಿಲಲ್ಲಿ ಅವರೇ ಗಾಲಿಕುರ್ಚಿಯಲ್ಲಿ ಕೂತು, ಮಾತು ಕೇಳಿಕೊಂಡು ಬಂದಿದ್ದರು.

ಅವರನ್ನು ದಿನಾ ಕರೆತರುತ್ತಿದ್ದವನು ತಂಗಿಯ ಮಗ. ದೊಡ್ಡಮ್ಮನ ಮನೆಗಳನ್ನೆಲ್ಲ ನೋಡಿಕೊಳ್ಳುವವನು. ಸೊಂಟದಲ್ಲಿ ಸದಾ ದೊಡ್ಡದೊಂದು ಕೀಗೊಂಚಲು ಜಣಜಣ ಎನ್ನುತ್ತಿದ್ದರಿಂದ 'ಕೀಗೊಂಚಲು' ಎಂದೇ ಅಲ್ಲಿ ಅವನ ಹೆಸರು. ಬರುವುದು ಬೀದಿಯಿಂದಲೇ ಕೇಳುತ್ತಿತ್ತು. ಆ ಸದ್ದು ಕೇಳಿದಾಗ ಟೀಚರ ಕೈ ತಾನಾಗಿ ಕೂದಲಿಗೆ ಹೋಗುತ್ತಿತ್ತು. ಯಾರೂ ನೋಡಿಲ್ಲವೆಂದು ಅವಳ ಲೆಕ್ಕ. ಕಂಡಕ್ಟರು ನೋಡಿ "ರೈಟ್" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವಳು ಒಳಗೆ ಬಂದಾಗ ಅವನು ಗೋಡೆಯ ಉದ್ದ ಕನ್ನಡಿಯ ಮುಂದೆ ನಿಂತಿದ್ದ. ಪಕ್ಕದಲ್ಲಿ ತೂಗುಹಾಕಿದ್ದ ತುಟಿಗಳ ಚಿತ್ರ ನೋಡುತ್ತಾ ತುಟಿ ಮುಂದೆ ಚಾಚಿ "ಊ" ಎಂದ, ಅಗಲಿಸಿ "ಈ" ಎಂದ. ಕನ್ನಡಿಯಲ್ಲಿ ಅವಳು ಕಂಡಳು. "ಈ" ಅಲ್ಲೇ ನಿಂತುಹೋಯಿತು.

"ನಿಮಗೂ ಮಾತು ಬರಲ್ವಾ?" ಎಂದಳು ಟೀಚರ್.

"ಬರುತ್ತೆ. ಬೇಕಾದಾಗ ಬರಲ್ಲ."

"ಯಾವಾಗ ಬೇಕು?"

ಅವನು ಕೀಗಳನ್ನು ಎಣಿಸತೊಡಗಿದ. ಅವನ ಕಿವಿ ಕೆಂಪಾಗುವುದನ್ನು ಅವಳು ಪೂರ್ತಿ ನೋಡಿದಳು, ಅಂಚಿನಿಂದ ಶುರುವಾಗಿ ನಿಧಾನಕ್ಕೆ ಕೆಳಗಿಳಿಯುವವರೆಗೂ. ಚೆನ್ನಾಗಿತ್ತು.

"ಟೀಚರ್, ಒಂದು ಸಹಾಯ ಬೇಕಿತ್ತು," ಎಂದ ಕೊನೆಗೆ. "ದೊಡ್ಡಮ್ಮಂಗೆ ಒಂದು ವಾಕ್ಯ ಕಲಿಸ್ತೀರಾ? 'ನನ್ನ ಇಷ್ಟದಿಂದಲೇ ಕೊಡ್ತಿದ್ದೀನಿ.' ಅಷ್ಟೇ."

"ಯಾಕೆ? ಎಲ್ಲಿ ಹೇಳೋದಕ್ಕೆ?"

"ಒಂದ್ಕಡೆ ಹೇಳೋದಿದೆ. ಅವರ ಬಾಯಲ್ಲೇ ಬರಬೇಕಂತೆ. ಮಿಕ್ಕಿದ್ದು... ಆಮೇಲೆ ಗೊತ್ತಾಗುತ್ತೆ ಬಿಡಿ."

ಅವಳು ಮತ್ತೆ ಕೇಳಲಿಲ್ಲ. ದೊಡ್ಡಮ್ಮನ ಎಡ ಅಂಗೈ ಮೇಲೆ ಬೆರಳಿನಿಂದ ತಾಳ ಹಾಕುತ್ತಾ, ವಾಕ್ಯವನ್ನು ಹಾಡಿನಂತೆ ಎಳೆದು ಹೇಳಿಸತೊಡಗಿದಳು. ಮಾತು ಮರೆತ ಬಾಯಿಗೂ ಎಷ್ಟೋ ಸಲ ರಾಗ ನೆನಪಿರುತ್ತದೆ. ದೊಡ್ಡಮ್ಮ ಬೆವರುತ್ತಾ, ಬಯ್ಯುವವರ ಮುಖ ಮಾಡಿಕೊಂಡು ಹೇಳಿದರು: "ನನ್ನ... ಕಷ್ಟದಿಂದಲೇ... ಕೊಡ್ತಿದ್ದೀನಿ."

"ಇಷ್ಟ, ದೊಡ್ಡಮ್ಮ. ಕಷ್ಟ ಅಲ್ಲ."

"ಕಷ್ಟ," ಎಂದರು ದೊಡ್ಡಮ್ಮ ಖಡಾಖಂಡಿತವಾಗಿ.

"ಅದೂ ಸುಳ್ಳಲ್ಲ ಬಿಡಿ," ಎಂದ ಕೀಗೊಂಚಲು ಬಾಗಿಲಿಂದ. "ಅವರು ಕೊಡೋದು ಅಂದ್ರೆ ಸಾಮಾನ್ಯದ ಕಷ್ಟವಾ?" ಇಬ್ಬರೂ ನಕ್ಕರು. ನಗು ನಿಂತ ಮೇಲೂ ಕಣ್ಣುಗಳು ಸ್ವಲ್ಪ ಹೊತ್ತು ಅಲ್ಲೇ ಉಳಿದವು.

ಒಳ್ಳೆಯ ದಿನಗಳಿಗೆ ಕಣ್ಣು ಬೀಳುವುದು ಬೇಗ. ಆ ವಾರವೇ ಟೈ ಕಟ್ಟಿದವನೊಬ್ಬ ಟೇಪು ಹಿಡಿದು ಬಂದು ಕಟ್ಟಡವನ್ನು ಹಿಂದೆ ಮುಂದೆ ಅಳೆದುಕೊಂಡು ಹೋದ. ಪಕ್ಕದ ಅಂಗಡಿಯವರು, ಬಿಲ್ಡರೊಬ್ಬ ಇದಕ್ಕೆ ಕೇಳಿದ ರೇಟು ಕೊಡುತ್ತಾನಂತೆ ಎಂದರು. ಮಾರನೆಯ ದಿನ ಟೀಚರ್ ಕಾರಿಡಾರಿನ ಕಡೆ ಬಂದಾಗ ಕೀಗೊಂಚಲು ಗೋಡೆಗೆ ಮುಖ ಮಾಡಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ.

"ಹೂಂ, ಈ ತಿಂಗಳೊಳಗೆ ಬಿಲ್ಡಿಂಗ್ ಬಿಡಿಸಲೇಬೇಕು. ಬಿಡಿಸದೆ ರಿಜಿಸ್ಟ್ರೇಷನ್ ಆಗಲ್ಲವಲ್ಲ... ಇಲ್ಲ ಇಲ್ಲ, ಟೀಚರಿಗೆ ಇನ್ನೂ ಗೊತ್ತಿಲ್ಲ. ನೀವೂ ಬಾಯಿಬಿಡಬೇಡಿ."

ಅವಳು ಬಂದ ಕಾಲಲ್ಲೇ ಹಿಂದಿರುಗಿದಳು.

ಬಿಡಿಸು. ಹಣ್ಣಲ್ಲ, ಚಿತ್ರವಲ್ಲ, ಗಂಟಲ್ಲ. ಮನೆ ಬಿಡಿಸುವುದು! ದಿನಾ ಎದುರಿಗೆ ಕೂತು ದೊಡ್ಡಮ್ಮ ಹೇಳುತ್ತಿದ್ದದ್ದು ಇದನ್ನೇ: ಇವರನ್ನು ಇಲ್ಲಿಂದ ಬಿಡಿಸು. ನಾನು ಪೆದ್ದುಪೆದ್ದಾಗಿ ಕಿತ್ತಳೆ ತಿನ್ನಿಸುತ್ತಾ ಕೂತಿದ್ದೆ. ಮಾರುವವರ ಬಾಯಲ್ಲಿ ಬರಬೇಕಾದ ವಾಕ್ಯವನ್ನು ನಾನೇ ತಾಳ ಹಾಕಿ ಕಲಿಸುತ್ತಿದ್ದೆ. ತಾನು ಕೂತ ಕೊಂಬೆಗೆ ತಾನೇ ಕೊಡಲಿ. ಅದಕ್ಕಿಂತ ಹೆಚ್ಚು ಉರಿದದ್ದು, ಕೊಡಲಿ ಕೈಗೆ ಕೊಟ್ಟವನ ಕೆಂಪು ಕಿವಿಯನ್ನು ತಾನು ಚೆನ್ನಾಗಿದೆ ಎಂದುಕೊಂಡದ್ದು.

ಸಂಜೆ ಅವನು ಗಾಲಿಕುರ್ಚಿ ತಳ್ಳಿಕೊಂಡು ಹೊರಟಾಗ ಅವಳು ಬಾಗಿಲಿಗೆ ಬಂದಳು.

"ಬಿಡಿಸೋದು ಅಂದ್ರೆ ಏನು ಅಂತ ನಂಗೆ ಗೊತ್ತಾಯ್ತು."

ಅವನ ಮುಖ ಅರಳಿತು. "ಗೊತ್ತಾಗ್ಬಿಡ್ತಾ? ಯಾರು ಹೇಳಿದ್ರು? ದೊಡ್ಡಮ್ಮ ತಾವೇ ಹೇಳ್ಬೇಕು ಅಂತ ಎಷ್ಟು ಆಸೆ ಇಟ್ಕೊಂಡಿದ್ರು!"

"ಆಸೆನಾ?"

"ಮತ್ತೆ? ನಿಮ್ಮ ಮುಖ ನೋಡ್ಕೊಂಡು ಹೇಳ್ಬೇಕಂತೆ. ನಿಮಗೆ ಬೇಜಾರಿಲ್ಲ ತಾನೆ?"

"ಬೇಜಾರ್ಯಾಕೆ? ಮನೆ ನಿಮ್ಮದು, ಮರ್ಜಿ ನಿಮ್ಮದು."

"ನಮ್ಮದು ಅನ್ನೋದು ಇನ್ನೆಷ್ಟು ದಿನ ಬಿಡಿ," ಎಂದು ಅವನು ನಕ್ಕ.

ಆ ನಗು ಅವಳಿಗೆ ಗಾಯದ ಮೇಲೆ ಉಪ್ಪು ಸುರಿದ ಹಾಗಾಯಿತು. "ನಾಳೆಯಿಂದ ದೊಡ್ಡಮ್ಮನ್ನ ಬಾಗಿಲವರೆಗೆ ಬಿಟ್ಟು ಹೋದ್ರೆ ಸಾಕು. ನೀವು ಒಳಗೆ ಕೂರೋದು ಬೇಡ," ಎಂದು ಬಾಗಿಲು ಹಾಕಿಕೊಂಡಳು. ಹೊರಗೆ ಕೀಗಳ ಸದ್ದು ಬಹಳ ಹೊತ್ತು ಅಲ್ಲೇ ನಿಂತಿತ್ತು. ಒಳ್ಳೆಯ ಸುದ್ದಿ ಕೇಳಿ ಬಾಗಿಲು ಮುಚ್ಚುವವರನ್ನು ಅವನು ಈವರೆಗೆ ನೋಡಿರಲಿಲ್ಲ. ಉಪಕಾರದ ಹೊರೆ ಹೊರಿಸುತ್ತಿದ್ದಾರೆಂದುಕೊಂಡಳೋ ಏನೋ, ಬಲವಂತ ಮಾಡಬಾರದೆಂದು ಆ ಪುಣ್ಯಾತ್ಮ ಸುಮ್ಮನಾದ.

ಈಗ ಟೀಚರ ಮುಂದೆ ಇದ್ದದ್ದು ಒಂದೇ ಪ್ರಶ್ನೆ. ಆ ವಾಕ್ಯ ಕಲಿಸುವುದೋ, ಬಿಡುವುದೋ?

ಕಲಿಸದಿದ್ದರೆ ಕೇಳುವವರಿಲ್ಲ. ತಾಳವನ್ನು ಸ್ವಲ್ಪ ತಪ್ಪಿಸಿದರಾಯಿತು, 'ಕಷ್ಟ'ವನ್ನು ಕಷ್ಟವೆಂದೇ ಬಿಟ್ಟರಾಯಿತು. ಮಾತು ಬರದೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ಮಾರಾಟವಿಲ್ಲ. ಒಂದು ದಿನ ಅವಳು ಹಾಗೆಯೇ ಮಾಡಿದಳು ಕೂಡ. ಬರೀ ಹಣ್ಣು, ಹೂವು, ಬಣ್ಣಗಳ ಹೆಸರು ಹೇಳಿಸಿ ಎದ್ದಳು. ದೊಡ್ಡಮ್ಮ ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿದರು. ಅಂಗೈ ಮೇಲಕ್ಕೆ ಮಾಡಿ ತೋರಿಸಿದರು. ತಾಳ ಹಾಕು ಎಂದು. ಕಣ್ಣಲ್ಲಿ ನೀರಿತ್ತು. ಬಾಡಿಗೆಗೆ ಬಂದು ನಿಲ್ಲುತ್ತಿದ್ದ ಆ ಗಟ್ಟಿ ಹೆಂಗಸಿನ ಕಣ್ಣಲ್ಲಿ ಟೀಚರ್ ಅದನ್ನು ಹಿಂದೆ ಕಂಡಿರಲಿಲ್ಲ.

ಹೊರಟು ನಿಂತ ಮಾತನ್ನು ತಡೆಯುವುದು ಅವಳ ಕಸುಬಾಗಿರಲಿಲ್ಲ. ಅವಳು ಮತ್ತೆ ಕೂತು ತಾಳ ಹಾಕಿದಳು. "ನನ್ನ ಇಷ್ಟದಿಂದಲೇ." ಹಾಕುತ್ತಾ ಹಾಕುತ್ತಾ ತನ್ನ ಕಣ್ಣನ್ನೂ ಒರೆಸಿಕೊಂಡಳು.

ಆ ದಿನಗಳಲ್ಲಿ ಒಂದು ವಿಷಯ ಅವಳ ಗಮನಕ್ಕೆ ಬಂತು. ಬೀದಿಯಿಂದ ಕೇಳುತ್ತಿದ್ದ ಜಣಜಣ ಸಣ್ಣದಾಗಿತ್ತು. ಗೊಂಚಲಿನಲ್ಲಿ ಕೆಲವು ಕೀಗಳು ಕಡಿಮೆಯಾಗಿದ್ದವು. ನನಗೇನು ಎಂದುಕೊಂಡಳು. ಆದರೂ ಕೈ ಕೂದಲಿಗೆ ಹೋಗಿಯೇ ಇತ್ತು. ಹಾಳು ಕೈ.

ನೋಂದಣಿ ಕಚೇರಿಯ ದಿನ ದೊಡ್ಡಮ್ಮ ಟೀಚರ ಸೆರಗು ಬಿಡಲಿಲ್ಲ. ತಾನಿಲ್ಲದೆ ಆಗುವುದಿಲ್ಲವೆಂದು ಟೀಚರಿಗೂ ಗೊತ್ತಿತ್ತು. ಹೋದಳು. ಉದ್ದ ಬೆಂಚು, ಗೋಂದಿನ ವಾಸನೆ, ಬೆರಳಿಗೆ ಶಾಯಿ ಹಚ್ಚುವ ಮೇಜು. ಅಲ್ಲಿ ಇಸ್ತ್ರಿ ಕೋಟು ಹಾಕಿಕೊಂಡು ಟ್ರಸ್ಟಿ ಡಾಕ್ಟರು ಕೂತಿದ್ದರು. ಇವರೂ ಒಪ್ಪಿಬಿಟ್ಟರಾ? ಡಾಕ್ಟರು ಕಳ್ಳನಂತೆ ಮುಖ ತಿರುಗಿಸಿಕೊಂಡರು.

ಅಧಿಕಾರಿ ಕನ್ನಡಕ ಮೇಲೇರಿಸಿ ಕೇಳಿದರು, "ಅಮ್ಮ, ಯಾರಾದ್ರೂ ಬಲವಂತ ಮಾಡ್ತಿದ್ದಾರಾ? ನೀವು ಹೇಗೆ ಕೊಡ್ತಿದ್ದೀರಿ ಅಂತ ನಿಮ್ಮ ಬಾಯಲ್ಲೇ ಹೇಳಿ."

ದೊಡ್ಡಮ್ಮ ಉಸಿರೆಳೆದುಕೊಂಡರು. "ನನ್ನ... ಕಷ್ಟ... ಕಷ್ಟದಿಂದ..."

ಅಧಿಕಾರಿಯ ಪೆನ್ನು ನಿಂತಿತು. "ಕಷ್ಟದಿಂದಾನಾ?"

"ಇಲ್ಲ ಸಾರ್, ಅದು..." ಎಂದ ಕೀಗೊಂಚಲು.

"ನೀವು ಸುಮ್ನಿರಿ. ಅವರೇ ಹೇಳಲಿ. ಇಲ್ಲಾಂದ್ರೆ ಇವತ್ತು ಆಗಲ್ಲ."

ಟೀಚರ್ ಗೋಡೆಗೊರಗಿ ನಿಂತಿದ್ದಳು. ಅವಳೀಗ ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ನಿಂತರೆ ಸಾಕು, ಮಾತಿನ ಮನೆ ಉಳಿಯುತ್ತಿತ್ತು, ಇವತ್ತಿನ ಮಟ್ಟಿಗಾದರೂ. ಅಷ್ಟರಲ್ಲಿ ದೊಡ್ಡಮ್ಮ ಅವಳ ಕಡೆ ತಿರುಗಿ ಎಡ ಅಂಗೈ ಚಾಚಿದರು.

ಟೀಚರ್ ಮುಂದೆ ಬಂದು ನೆಲಕ್ಕೆ ಮಂಡಿಯೂರಿದಳು. ತುಟಿ ಬಿಚ್ಚಲಿಲ್ಲ. ಬರೀ ತಾಳ ಹಾಕಿದಳು.

"ನನ್ನ ಇಷ್ಟದಿಂದಲೇ ಕೊಡ್ತಿದ್ದೀನಿ!" ಎಂದರು ದೊಡ್ಡಮ್ಮ, ಹಾಡಿದಂತೆ, ಕಚೇರಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

ಅಧಿಕಾರಿ ನಕ್ಕರು. "ಸರಿ. ಯಾರಿಗೆ ಕೊಡ್ತಿದ್ದೀರಿ?"

ದೊಡ್ಡಮ್ಮ ತಾಳ ಹಾಕಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಮಾತಿಗೆ," ಎಂದರು. ಮತ್ತೆ ಟೀಚರ ಗಲ್ಲ ಮುಟ್ಟಿ, "ಮಾತಿನ ಮನೆಗೆ. ಬಿಡಿಸಿದೆ... ಕೊಟ್ಟೆ."

ಟೀಚರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಡಾಕ್ಟರು ಎದ್ದು ಬಂದರು. "ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟು ನನ್ನ ಹೊಟ್ಟೆ ಉಬ್ಬರಿಸಿಹೋಗಿತ್ತಮ್ಮ. ಇಡೀ ಕಟ್ಟಡ ನಮ್ಮ ಟ್ರಸ್ಟಿಗೆ ದಾನ. ಆ ಟೇಪಿನವನು ಬೆಲೆ ಕಟ್ಟೋಕೆ ಬಂದಿದ್ದ. ಹಿಂದೆ ಇನ್ನೊಂದು ಮನೆ ಕೊಳ್ಳೋಕೆ ಅಂತ ಇವರು ಇದನ್ನ ಬ್ಯಾಂಕಲ್ಲಿ ಅಡ ಇಟ್ಟಿದ್ರು. ಅಡ ಬಿಡಿಸದೆ ದಾನ ಕೊಡೋ ಹಾಗಿರಲಿಲ್ಲ."

ಅಡ ಬಿಡಿಸುವುದು!

ಊರಿನವರಿಗೆಲ್ಲ ಮಾತು ಕಲಿಸುವವಳಿಗೆ ಒಂದು ಮಾತಿನ ಈ ಅರ್ಥವೇ ಹೊಳೆದಿರಲಿಲ್ಲ. ಅವಳು ಬೆಂಚಿನ ಮೇಲೆ ಕುಸಿದು ಕೂತು ನಗತೊಡಗಿದಳು. ನಗುತ್ತಾ ನಗುತ್ತಾ ಅಳು ಬಂತು. ಎದೆಯ ಮೇಲೆ ಕೂತಿದ್ದ ಕಲ್ಲು ಎದ್ದು ಹೋದ ಮೇಲೆ ಉಸಿರಾಡಲು ಇಷ್ಟೊಂದು ಜಾಗವಿತ್ತೇ ಎಂದು ಆಶ್ಚರ್ಯವಾಯಿತು. ಬೆರಳಿನ ಶಾಯಿ ಒಣಗಿರದ ದೊಡ್ಡಮ್ಮ ಅವಳ ಕೆನ್ನೆ ಒರೆಸಿ, ಕೆನ್ನೆಗೆಲ್ಲ ನೀಲಿ ಮಾಡಿದರು.

ಮಾತಿನ ಮನೆಗೆ ವಾಪಸಾದ ಮೇಲೆ ಡಾಕ್ಟರು ಎಲ್ಲರಿಗೂ ಟೀ ತರಿಸಿದರು. ಟೀಚರ್ ಕೆನ್ನೆಯ ಶಾಯಿ ಒರೆಸಿಕೊಳ್ಳಲು ಕನ್ನಡಿಯ ಮುಂದೆ ಬಂದಳು. ಕನ್ನಡಿಯಲ್ಲಿ ಹಿಂದೆ ಅವನು ಕಂಡ, ಎರಡು ಲೋಟ ಹಿಡಿದುಕೊಂಡು.

"ನೀವು ಗೊತ್ತಾಯ್ತು ಅಂದ್ರಲ್ಲ," ಎಂದ. "ಏನು ಗೊತ್ತಾಗಿತ್ತು?"

"ನಮ್ಮನ್ನ ಓಡಿಸ್ತೀರಾ ಅಂತ."

"ಅಯ್ಯೋ ದೇವರೇ. ಹಾಗೆ ಅಂದ್ಕೊಂಡೂ ಆ ವಾಕ್ಯ ಕಲಿಸಿದ್ರಾ?"

"ಕಲಿಸದೆ? ಅವರ ಮಾತು ಅವರದು."

ಅವನು ಲೋಟಗಳನ್ನು ಕೆಳಗಿಟ್ಟ. "ನಾನು ಅಷ್ಟೇನೂ ಒಳ್ಳೆಯವನಲ್ಲ ಟೀಚರ್. ಮೊದಲು ನಾನೇ ಮಾರೋಣ ಅಂದಿದ್ದೆ. ಮಾರಿ ನಿಮಗೆ ಒಂದಿಷ್ಟು ದುಡ್ಡು ಕೊಡೋಣ ಅಂದೆ. ದೊಡ್ಡಮ್ಮ ಚಮಚ ಎಸೆದ್ರು. ದುಡ್ಡು ಕೊಟ್ರೆ ಕರಗಿಹೋಗುತ್ತೆ, ಮನೆ ಕೊಟ್ರೆ ಮೇಲಿನ ಎರಡು ಅಂತಸ್ತಿನ ಬಾಡಿಗೆ ಬರ್ತಾನೇ ಇರುತ್ತೆ, ಕೆಳಗಿನ ಖರ್ಚು ನಡೀತಾನೇ ಇರುತ್ತೆ. ಇದನ್ನ ಕೈಸನ್ನೆಯಲ್ಲೇ ಹೇಳಿದ್ರು ನೋಡಿ. ದಾನ ಮಾಡುವಾಗಲೂ ಬಾಡಿಗೆ ಬಿಟ್ಟವರಲ್ಲ."

"ಮತ್ತೆ ಅಡ ಬಿಡಿಸಿದ್ದು ಹೇಗೆ?"

ಅವನು ಕಿಟಕಿಯ ಕಡೆ ನೋಡಿದ. ಅವಳು ಅವನ ಸೊಂಟದ ಕಡೆ ನೋಡಿದಳು. ಸಣ್ಣದಾದ ಗೊಂಚಲು.

"ಕೀಗಳೆಲ್ಲಿ?"

"ನನ್ನ ಹೆಸರಲ್ಲಿ ಎರಡು ಅಂಗಡಿ ಮಳಿಗೆ ಇದ್ವು. ದೊಡ್ಡಮ್ಮಾನೇ ಕೊಡಿಸಿದ್ದು. ಮಾರ್ದೆ. ಭಾರ ಆಗಿತ್ತು ಬಿಡಿ, ಸೊಂಟ ನೋಯ್ತಿತ್ತು."

"ಸುಳ್ಳು."

"ಸುಳ್ಳೇ," ಎಂದು ಅವನು ಒಪ್ಪಿಕೊಂಡ. ಕಿವಿಯ ಅಂಚು ಕೆಂಪಾಗತೊಡಗಿತು. ಈ ಸಲ ಅದು ಪೂರ್ತಿ ಕೆಳಗಿಳಿಯುವವರೆಗೆ ನೋಡುವ ಹಕ್ಕು ತನಗಿದೆ ಎಂದು ಅವಳಿಗನ್ನಿಸಿತು. "ದಿನಾ ಬೆಳಿಗ್ಗೆ ಈ ಬಾಗಿಲು ತೆಗೆದಿರಬೇಕು ಅನ್ನಿಸ್ತಿತ್ತು. ಒಳಗೆ ನೀವಿರಬೇಕು ಅನ್ನಿಸ್ತಿತ್ತು. ಅದಕ್ಕೇ... ನಾನು... ಟೀಚರ್, ನನಗೆ ನಿಮ್ಮ..."

ಮಾತು ನಿಂತಿತು. "ಊ" ಆಕಾರದಲ್ಲಿ ತುಟಿ ಹಾಗೇ ಉಳಿಯಿತು.

ಟೀಚರ್ ನಗು ತಡೆದುಕೊಂಡು ಅವನ ಎಡಗೈ ಹಿಡಿದಳು. ಅಂಗೈ ಮೇಲಕ್ಕೆ ಮಾಡಿದಳು. ಒಂದು ಬೆರಳಿನಿಂದ ಮೆಲ್ಲಗೆ ತಾಳ ಹಾಕಿದಳು. "ಹೇಳಿ. ನಿಧಾನಕ್ಕೆ. ಉಸಿರು ತಗೊಂಡು."

ಅವನು ಉಸಿರು ತೆಗೆದುಕೊಂಡ. "ನನ್ನ ಇಷ್ಟದಿಂದಲೇ ಕೊಡ್ತಿದ್ದೀನಿ."

"ಏನನ್ನ?"

"ಇನ್ನೇನು ಉಳಿದಿದೆ? ಮಳಿಗೆ ಹೋಯ್ತು, ಬಿಲ್ಡಿಂಗ್ ಹೋಯ್ತು. ನಾನೊಬ್ಬ ಉಳಿದಿದ್ದೀನಿ."

"ಎಲ್ಲಾದ್ರೂ ಅಡ ಇಟ್ಟಿದ್ದೀರಾ?"

"ಇಲ್ಲೇ. ನೀವು ಬಾಗಿಲು ಹಾಕ್ಕೊಂಡ ದಿನದಿಂದ. ಬಿಡಿಸ್ಕೊಳ್ಳೋಕೆ ಆಗ್ತಿಲ್ಲ."

ಅವಳ ಬೆರಳು ತಾಳ ನಿಲ್ಲಿಸಿ ಅವನ ಅಂಗೈಯಲ್ಲೇ ಉಳಿಯಿತು. ಕೆನ್ನೆಯ ನೀಲಿ ಇನ್ನೂ ಹಾಗೇ ಇತ್ತು, ಅದರ ಕೆಳಗೆ ಈಗ ಇನ್ನೊಂದು ಬಣ್ಣ ಏರುತ್ತಿತ್ತು. "ಹಾಗಾದ್ರೆ ಬಿಡಿಸ್ಕೋಬೇಡಿ," ಎಂದಳು.

"ಹೋಲ್ಡಾನ್!"

ಇಬ್ಬರೂ ಬೆಚ್ಚಿ ಕೈ ಬಿಟ್ಟರು. ಬಾಗಿಲಲ್ಲಿ ಕಂಡಕ್ಟರು ನಿಂತಿದ್ದರು. ಗಾಲಿಕುರ್ಚಿಯನ್ನು ಬಾಗಿಲಿಗೆ ಅಡ್ಡವಿಟ್ಟು ದೊಡ್ಡಮ್ಮ ಕೂತಿದ್ದರು. ಕೈ ಬಿಟ್ಟದ್ದು ಕಂಡು ಕಂಡಕ್ಟರು ಜೋರಾಗಿ ತಲೆ ಅಡ್ಡಡ್ಡ ಆಡಿಸಿದರು. ಅವರು ಹೋಲ್ಡಾನ್ ಎಂದದ್ದು ಇವರಿಬ್ಬರಿಗಲ್ಲ, ಹಿಂದಿನಿಂದ ಟೀ ಲೋಟ ಹಿಡಿದು ಒಳನುಗ್ಗುತ್ತಿದ್ದ ಡಾಕ್ಟರಿಗೆ.

ಟೀಚರ್ ಮತ್ತೆ ಕೈ ಚಾಚಿದಳು. ಅವನು ಹಿಡಿದ.

"ರೈಟ್," ಎಂದರು ಕಂಡಕ್ಟರು, ಬಾಗಿಲು ಎಳೆದುಕೊಳ್ಳುತ್ತಾ. "ರೈಟ್, ರೈಟ್!"